ಅರ್ಧ ಲೀಟರ್ ನೀರು ಹಾಕಿ ಕಳಿಸಿದ್ದೆ

ಸಕಲೇಶಪುರದ ಹೈವೇ ಪಕ್ಕ ಒಂದು ಗ್ಯಾರೇಜಿನಲ್ಲಿ ನನ್ನ ಕೆಲಸ. ಗುಂಡ್ಯದಿಂದ ಮಾರನಹಳ್ಳಿವರೆಗೆ ಶಿರಾಡಿ ಘಾಟಿಯನ್ನು ಲಾರಿ ಹಿಂದೆ ಎರಡನೇ ಗೇರಿನಲ್ಲಿ, ಎಸಿ ಹಾಕಿಕೊಂಡು, ಐದು ಜನ ಮತ್ತು ಲಗೇಜು ಹೊತ್ತುಕೊಂಡು ಹತ್ತಿ ಬರುವ ಕಾರುಗಳು ನಮ್ಮ ಕಡೆ ಬಂದು ಹೊಗೆಯಾಡುತ್ತಾ ನಿಲ್ಲುವುದು ಮಾಮೂಲು. ಹಾಗಾಗಿ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವದ ವಿಷಯ ನನಗೆ ಗೊತ್ತು ಅಂತ ಮೂರನೇ ವರ್ಷಕ್ಕೇ ಅಂದುಕೊಂಡಿದ್ದೆ.

ಆಗ ಒಬ್ಬ ಟ್ಯಾಕ್ಸಿ ಅಣ್ಣ ಬರುತ್ತಿದ್ದರು. ಒಂದು ದಿನ ಬಾನೆಟ್ ತೆಗೆದು ನೋಡಿದರೆ ಕೂಲಂಟ್ ಬಾಟಲಿಯಲ್ಲಿ ಮಟ್ಟ ಮಿನ್ (ಕನಿಷ್ಠ) ಗೆರೆಗಿಂತ ಕೆಳಗಿತ್ತು. ಅರ್ಧ ಲೀಟರ್ ನೀರು ಸುರಿದು "ಏನೂ ಆಗಲ್ಲ ಹೋಗಿ ಅಣ್ಣ" ಅಂದೆ. ವಾರ ಬಿಟ್ಟು ಮತ್ತೆ ಬಂದರು, ಮತ್ತೆ ಸುರಿದೆ. ದುಡ್ಡೂ ತೆಗೆದುಕೊಳ್ಳಲಿಲ್ಲ, ಒಳ್ಳೆಯವನಾಗಿಬಿಟ್ಟೆ ನೋಡಿ! ಮೂರನೇ ಸಲ ಅವರ ಕಾರು ಟೋಯಿಂಗ್ ಗಾಡಿಯ ಹಿಂದೆ ಬಂತು.

"ಟೆಂಪರೇಚರ್ ಮುಳ್ಳು ನಡುವಿನಲ್ಲೇ ಇತ್ತಪ್ಪಾ, ಮೇಲೆ ಹೋಗಲೇ ಇಲ್ಲ" ಅಂದರು. ಸುಳ್ಳಲ್ಲ. ಗೇಜಿಗೆ ಲೆಕ್ಕ ಕೊಡುವ ಸೆನ್ಸರ್ ಕೂಲಂಟಿನಲ್ಲಿ ಮುಳುಗಿರಬೇಕು. ಕೂಲಂಟೇ ಖಾಲಿಯಾದರೆ ಅದು ಬರೀ ಗಾಳಿಯಲ್ಲಿ ಕೂತಿರುತ್ತದೆ, ಎಂಜಿನ್ ಬೇಯುತ್ತಿದ್ದರೂ ಸರಿಯಾಗಿ ತೋರಿಸುವುದಿಲ್ಲ. ಹೀಟರಿಗೆ ಬಿಸಿ ಬರುವುದೂ ಕೂಲಂಟಿನಿಂದಲೇ, ಹಾಗಾಗಿ ಓಡುತ್ತಾ ಕಾದಿರುವ ಗಾಡಿಯಲ್ಲಿ ಹೀಟರ್ ಹಾಕಿದಾಗ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬಂದರೆ ಮುಳ್ಳು ಏನೇ ಹೇಳಲಿ, ಗಾಡಿ ಪಕ್ಕಕ್ಕೆ ಹಾಕಿ.

ಮೇಸ್ತ್ರಿ ಕೂಲಂಟನ್ನು ಸುತ್ತಿಸುವ ವಾಟರ್ ಪಂಪ್ ಬಿಚ್ಚಿ ನನ್ನ ಕೈಗಿಟ್ಟು "ಇದೇನು ಬಣ್ಣ?" ಅಂತ ಕೇಳಿದರು. ಪಂಪಿನ ಮೈಮೇಲೆ ಒಂದು ಸಣ್ಣ ತೂತು ಇರುತ್ತದೆ, ಒಳಗಿನ ಸೀಲ್ ಹೋದರೆ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬರಲಿ ಅಂತಲೇ ಇಟ್ಟಿರುವುದು. ಆ ತೂತಿನ ಕೆಳಗೆ ಗುಲಾಬಿ ಬಣ್ಣದ ಒಣಗಿದ ಗೆರೆ, ಉಗುರಿನಲ್ಲಿ ಕೆರೆದರೆ ಉಪ್ಪಿನಂತೆ ಪುಡಿ ಉದುರಿತು. ಬಿಸಿ ಎಂಜಿನ್ ಮೇಲೆ ಹನಿ ಬಿದ್ದ ಕೂಡಲೇ ಆರಿಹೋಗುತ್ತದೆ, ಅದಕ್ಕೇ ನೆಲದ ಮೇಲೆ ಒಂದು ತೊಟ್ಟೂ ಕಂಡಿರಲಿಲ್ಲ. ಮೊದಲ ದಿನವೇ ಟಾರ್ಚ್ ಹಿಡಿದಿದ್ದರೆ ಕಾಣುತ್ತಿತ್ತು. ಈಗ ಬಿಸಿಗೆ ಎಂಜಿನ್ನಿನ ಮೇಲ್ಭಾಗ, ಹೆಡ್, ಸೊಟ್ಟಗಾಗಿತ್ತು. ಲೇತಿಗೆ ಕಳಿಸಿ ಫೇಸಿಂಗ್ (ಮಟ್ಟ ಮಾಡಿಸುವುದು), ಹೊಸ ಗ್ಯಾಸ್ಕೆಟ್, ಹೊಸ ಪಂಪ್, ಮೇಲೆ ಅವರಿಗೆ ಎಂಟು ದಿನ ಬಾಡಿಗೆ ಇಲ್ಲ.

ಕೂಲಂಟ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತು ಅಲ್ಲ. ಅದು ಮುಚ್ಚಿದ ಪೈಪುಗಳಲ್ಲಿ ಸುತ್ತುತ್ತಿರುತ್ತದೆ. ತಿಂಗಳುಗಟ್ಟಲೆ ಓಡಿದ ಮೇಲೆ ಕೂದಲೆಳೆ ಇಳಿದರೆ ಇರಲಿ, ವಾರಕ್ಕೊಮ್ಮೆ ಇಳಿಯುತ್ತಿದ್ದರೆ ಎಲ್ಲೋ ಹೋಗುತ್ತಿದೆ ಅಂತಲೇ ಅರ್ಥ. ಸೋರುವ ಜಾಗಗಳು ಇವು: ಹೋಸ್ ಕ್ಲಿಪ್, ರೇಡಿಯೇಟರ್ ಅಂಚು, ಪಂಪ್, ಕ್ಯಾಪಿನ ರಬ್ಬರ್. ಎಲ್ಲೂ ಸಿಗದಿದ್ದರೆ ಎಂಜಿನ್ ಒಳಗೇ ಹೋಗುತ್ತಿರಬಹುದು, ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ, ಬಾಟಲಿಯಲ್ಲಿ ಗುಳ್ಳೆ ನೋಡಿ.

ಕೂಲಂಟ್ ಇರುವುದು ನೀರು ಹೆಪ್ಪುಗಟ್ಟದಿರಲಿ ಅಂತ ಮಾತ್ರ ಅಂದುಕೊಂಡು, "ನಮ್ಮಲ್ಲಿ ಹಿಮ ಬೀಳುತ್ತಾ, ಕೂಲಂಟ್ ಯಾಕೆ?" ಅನ್ನುವವರು ಈಗಲೂ ಇದ್ದಾರೆ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧ ಕೂಲಂಟ್ ಅರ್ಧ ಡಿಸ್ಟಿಲ್ಡ್ ನೀರು ಬೆರೆಸಿದ್ದು, ಕ್ಯಾಪ್ ಒತ್ತಡ ಹಿಡಿದಿದ್ದರೆ, ಸುಮಾರು 125 ಡಿಗ್ರಿವರೆಗೂ ಕುದಿಯದೆ ನಿಲ್ಲುತ್ತದೆ. ಬಿಸಿಯಲ್ಲಿ ಕ್ಯಾಪ್ ತಿರುಗಿಸಿದರೆ ಆ ಒತ್ತಡ ಹೋಗಿ, ಅಷ್ಟೂ ಒಂದೇ ಸಲ ಕುದಿದು ಮುಖಕ್ಕೆ ಹಾರುತ್ತದೆ. ಮಟ್ಟ ನೋಡುವುದು ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ ಮಾತ್ರ. ಇನ್ನು ಬೋರ್‌ವೆಲ್ ನೀರು? ಕಾಯಿಸಿದ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರ ರೇಡಿಯೇಟರ್ ಒಳಗೂ ಕೂರುತ್ತದೆ, ಅಷ್ಟೇ. ದಾರಿಯಲ್ಲಿ ಬೇರೆ ಗತಿ ಇಲ್ಲದಿದ್ದರೆ ಕುಡಿಯುವ ನೀರಿನ ಬಾಟಲಿ ಸುರಿದು ಊರು ಸೇರಿ, ಆಮೇಲೆ ಅದನ್ನು ತೆಗೆಸಿ.

ಇನ್ನೊಂದು ತಪ್ಪು ಜಾಸ್ತಿ ನೋಡುತ್ತೇನೆ. ಮೊದಲೇ ನೀರು ಬೆರೆಸಿಟ್ಟ ರೆಡಿಮಿಕ್ಸ್ ಡಬ್ಬಿ ತಂದು ಅದಕ್ಕೆ ಮತ್ತೆ ಅಷ್ಟೇ ನೀರು ಬೆರೆಸುತ್ತಾರೆ. ಲೇಬಲ್ ಓದಿ ಮಾರಾಯ್ರೆ. ಬಣ್ಣ ನಂಬಬೇಡಿ, ಹಸಿರು, ಗುಲಾಬಿ, ನೀಲಿ ಎಲ್ಲ ಕಂಪನಿ ಹಾಕುವ ಬಣ್ಣ. ಯಾವ ಜಾತಿಯದು ಬೇಕು, ಎಷ್ಟು ವರ್ಷಕ್ಕೆ ಬದಲಿಸಬೇಕು ಅಂತ ಗಾಡಿಯ ಪುಸ್ತಕದಲ್ಲೇ ಇರುತ್ತದೆ.

ಬದಲಿಸುವಾಗ ನನಗೆ ಈಗ ಅವಸರ ಇಲ್ಲ. ಹಳೆಯದು ಪೂರ್ತಿ ಇಳಿಸಿ, ಸಾದಾ ನೀರಿನಲ್ಲಿ ತೊಳೆದು, ಹೊಸದನ್ನು ನಿಧಾನವಾಗಿ ಸುರಿದು, ಹೀಟರ್ ಫುಲ್ ಬಿಸಿಗೆ ಇಟ್ಟು, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸುತ್ತೇನೆ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಬಂದರೆ ಮಟ್ಟ ಇಳಿಯುತ್ತದೆ. ಅದಕ್ಕೇ ಮರುದಿನ ಬೆಳಿಗ್ಗೆ ಮತ್ತೊಮ್ಮೆ ಬನ್ನಿ ಅನ್ನುತ್ತೇನೆ. ಇಳಿಸಿದ ಕೂಲಂಟನ್ನು ಮಾತ್ರ ತೆರೆದ ಟ್ರೇಯಲ್ಲಿ ಬಿಡುವುದಿಲ್ಲ, ಕೂಡಲೇ ಕ್ಯಾನಿಗೆ ತುಂಬಿ ಮುಚ್ಚಳ ಹಾಕುತ್ತೇನೆ. ಅದು ಸಿಹಿ, ಆದರೆ ವಿಷ, ನಮ್ಮ ಶೆಡ್ಡಿನ ನಾಯಿ ಏನು ಕಂಡರೂ ನೆಕ್ಕುವ ಜಾತಿ.

ಆ ಟ್ಯಾಕ್ಸಿ ಅಣ್ಣ ಈಗಲೂ ಬರುತ್ತಾರೆ. ನಾನು ಬಾನೆಟ್ ಎತ್ತುವ ಮೊದಲೇ ತಮ್ಮ ಮೊಬೈಲ್ ಟಾರ್ಚ್ ಹಚ್ಚಿ ಪಂಪಿನ ಕಡೆಗೆ ಹಿಡಿದಿರುತ್ತಾರೆ.