‘ಚಾಯ್’ ಅನ್ನಿ, ಊಟ ಸಿಗುತ್ತದೆ: ಅಮ್ಮನ ಜೊತೆ ವಿಯೆಟ್ನಾಂನಲ್ಲಿ ಹತ್ತು ದಿನ

ಟಿಕೆಟ್ ಬುಕ್ ಆದ ದಿನದಿಂದ ಅಮ್ಮನದು ಒಂದೇ ಪ್ರಶ್ನೆ. "ಅಲ್ಲಿ ನಮಗೆ ತಿನ್ನೋಕೆ ಏನಾದ್ರೂ ಸಿಗುತ್ತೇನೇ?" ಅಮ್ಮನಿಗೆ 68 ವರ್ಷ. ಮೊಟ್ಟೆಯನ್ನೂ ಮುಟ್ಟುವವಳಲ್ಲ. ಜೊತೆಗೆ ಹೊರಟಿದ್ದ ಅಣ್ಣನ ಮಗಳು ಎರಡು ವರ್ಷದಿಂದ ವೀಗನ್. ಹಾಲು, ಮೊಸರು, ತುಪ್ಪ, ಜೇನು ಯಾವುದೂ ಇಲ್ಲ. ಹನೋಯ್, ಹಾಲಾಂಗ್ ಕೊಲ್ಲಿ, ಹುಎ, ಹೋಯ್ ಆನ್, ಹೋ ಚಿ ಮಿನ್ ಸಿಟಿ, ಹೀಗೆ ಹತ್ತು ದಿನದ ಪ್ರವಾಸ. ಹತ್ತೂ ದಿನ ಇಬ್ಬರಿಗೂ ಹೊಟ್ಟೆ ತುಂಬಾ ಊಟ ಸಿಕ್ಕಿತು. ಆದರೆ ಮೊದಲ ರಾತ್ರಿ ಮಾತ್ರ ಸಿಗಲಿಲ್ಲ. ಅದಕ್ಕೆ ಕಾರಣ ನಾವು ಕೇಳಿದ ರೀತಿ.

ಹನೋಯ್‌ನ ಹಳೇ ಪೇಟೆಯಲ್ಲಿ ಸಣ್ಣದೊಂದು ಅಂಗಡಿಗೆ ಹೋದೆವು. ಫೋನಿನಲ್ಲಿ ಅನುವಾದ ಮಾಡಿ "ಮಾಂಸ ಬೇಡ" ಎಂದು ತೋರಿಸಿದೆ. ಹುಡುಗ ನಗುತ್ತಾ ತಲೆಯಾಡಿಸಿ ಒಳಗೆ ಹೋದ. ಹತ್ತು ನಿಮಿಷಕ್ಕೆ ಮೂರು ಬಟ್ಟಲು ನೂಡಲ್ಸ್ ಬಂತು. ಮೇಲೆ ಸಿಗಡಿ. ಅವನದೇನೂ ತಪ್ಪಿಲ್ಲ. ಅವರ ಭಾಷೆಯಲ್ಲಿ ಮಾಂಸ ಅಂದರೆ ಹಂದಿ, ದನ, ಕೋಳಿಯಂಥದ್ದು. ಮೀನು, ಸಿಗಡಿ ಆ ಲೆಕ್ಕಕ್ಕೆ ಬರುವುದಿಲ್ಲ. ಮೀನಿನ ಸಾಸ್ ಅಂತೂ ನಮ್ಮ ಅಡುಗೆಮನೆಯ ಉಪ್ಪಿನ ಹಾಗೆ. ಅದನ್ನು ಯಾರೂ ಬೇರೆಯಾಗಿ ಹೇಳುವುದೇ ಇಲ್ಲ. ಆ ರಾತ್ರಿ ಹೋಟೆಲ್ ರೂಮಿನ ಕೆಟಲ್‌ನಲ್ಲಿ ನೀರು ಕಾಯಿಸಿ, ಅವಲಕ್ಕಿ ನೆನೆಸಿ, ಪುಳಿಯೋಗರೆ ಗೊಜ್ಜು ಕಲಸಿ ತಿಂದು ಮಲಗಿದೆವು.

ಬೆಳಿಗ್ಗೆ ರಿಸೆಪ್ಷನ್‌ನಲ್ಲಿದ್ದ ಹುಡುಗಿಗೆ ಇದನ್ನು ಹೇಳಿದೆ. ಅವಳು ಒಂದು ಚೀಟಿಯ ಮೇಲೆ ನಾಲ್ಕೇ ಅಕ್ಷರ ಬರೆದು ಕೊಟ್ಟಳು. ಸಿ, ಎಚ್, ಎ, ವೈ. ಹೇಳುವುದು ‘ಚಾಯ್’ ಎಂದು. ಇದಕ್ಕೂ ನಮ್ಮ ಚಹಾಕ್ಕೂ ಸಂಬಂಧ ಇಲ್ಲ. ಬೌದ್ಧರ ಸಸ್ಯಾಹಾರದ ಊಟಕ್ಕೆ ವಿಯೆಟ್ನಾಂನಲ್ಲಿ ಇರುವ ಹೆಸರು ಅದು. ಆ ಒಂದು ಪದದೊಳಗೇ ಎಲ್ಲ ನಿಯಮವೂ ಇದೆ. ಮಾಂಸ ಇಲ್ಲ, ಮೀನಿಲ್ಲ, ಸಿಗಡಿ ಇಲ್ಲ, ಮೀನಿನ ಸಾಸ್ ಇಲ್ಲ, ಎಲುಬಿನ ಸಾರು ಇಲ್ಲ. ಕಟ್ಟುನಿಟ್ಟಿನವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ನಮ್ಮಲ್ಲಿ ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮನೆಯವರಿಗೆ ಇದು ಎಷ್ಟು ದೊಡ್ಡ ಸಮಾಧಾನ ಹೇಳಿ.

ಅದಕ್ಕೇ ನನ್ನ ಮೊದಲ ಸಲಹೆ ಇದು. ಬೇಡದ್ದರ ಪಟ್ಟಿ ಹೇಳುತ್ತಾ ಹೋಗಬೇಡಿ. ಆ ಊರಿನವರೇ ತಿನ್ನುವ ಸಸ್ಯಾಹಾರಕ್ಕೆ ಆ ಊರಿನಲ್ಲೇ ಒಂದು ಹೆಸರು ಇರುತ್ತದೆ. ಅದನ್ನು ಹೇಳಿ. "ತೋಯ್ ಆನ್ ಚಾಯ್" ಅಂದರೆ "ನಾನು ಚಾಯ್ ಊಟ ಮಾಡುವವಳು". ಈ ಮೂರು ಪದವನ್ನು ಅಮ್ಮ ಎರಡೇ ದಿನದಲ್ಲಿ ಬಾಯಿಪಾಠ ಮಾಡಿಬಿಟ್ಟಳು. ರಾಗ ಎಳೆಯದೆ, ಏರಿಸದೆ ಇಳಿಸದೆ, ಸಮವಾಗಿ ಹೇಳಬೇಕು. ಸ್ವರ ಬದಲಾದರೆ ಅದೇ ಪದಕ್ಕೆ ‘ಸುಟ್ಟದ್ದು’, ‘ಓಡು’ ಎಂದೆಲ್ಲ ಅರ್ಥ ಬರುತ್ತದೆ. ಬೋರ್ಡಿನಲ್ಲಿ ಓದುವಾಗಲೂ ಅಷ್ಟೇ. ‘ಎ’ ಅಕ್ಷರದ ಮೇಲೆ ಕೆಳಗೆ ಯಾವ ಗುರುತೂ ಇರಬಾರದು.

ವಿಯೆಟ್ನಾಂನವರು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುವುದರಿಂದ ನಮಗೆ ತುಂಬಾ ಅನುಕೂಲ. ಆ ನಾಲ್ಕು ಅಕ್ಷರ ಗೊತ್ತಾದ ಮೇಲೆ ಬೀದಿಯೇ ಬೇರೆ ಥರ ಕಾಣತೊಡಗಿತು. ಹಿಂದಿನ ದಿನ ನಾವು ಹಸಿದುಕೊಂಡು ಎರಡು ಸಲ ದಾಟಿದ್ದ ಗಲ್ಲಿಯಲ್ಲೇ ಒಂದು ಚಾಯ್ ಅಂಗಡಿ ಇತ್ತು! ‘ಕ್ವಾನ್ ಚಾಯ್’ ಅಂದರೆ ಸಸ್ಯಾಹಾರಿ ಅಂಗಡಿ, ‘ಕೊಮ್ ಚಾಯ್’ ಅಂದರೆ ಅನ್ನದ ಊಟ. ಗೂಗಲ್ ಮ್ಯಾಪ್‌ನಲ್ಲಿ ‘ವೆಜಿಟೇರಿಯನ್’ ಎಂದು ಹುಡುಕಿದರೆ ಪ್ರವಾಸಿಗರ ಹೋಟೆಲುಗಳೇ ಜಾಸ್ತಿ ಬರುತ್ತವೆ. ಈ ನಾಲ್ಕು ಅಕ್ಷರ ಹಾಕಿ ಹುಡುಕಿ. ಊರಿನವರು ಹೋಗುವ, ಕಡಿಮೆ ಬೆಲೆಯ ಅಂಗಡಿಗಳು ಆಗ ಕಾಣಿಸುತ್ತವೆ.

ಇದರ ಜೊತೆಗೆ ಹ್ಯಾಪಿಕೌ ಆ್ಯಪ್ ಇಟ್ಟುಕೊಳ್ಳಿ. 1999ರಿಂದ ನಡೆಯುತ್ತಿರುವ ವೆಬ್‌ಸೈಟಿನ ಆ್ಯಪ್ ಅದು. ಹಸಿರು ಗುರುತು ಇದ್ದರೆ ಪೂರ್ತಿ ವೀಗನ್, ನೇರಳೆ ಇದ್ದರೆ ಸಸ್ಯಾಹಾರಿ, ಕೆಂಪು ಇದ್ದರೆ ಮಾಂಸದ ಹೋಟೆಲಿನಲ್ಲೇ ಒಂದೆರಡು ಸಸ್ಯಾಹಾರಿ ತಿಂಡಿ. ಅಣ್ಣನ ಮಗಳು ಹಸಿರು ಮಾತ್ರ ನೋಡುತ್ತಿದ್ದಳು. ಹೊರಡುವ ಮುಂಚೆ ಅಲ್ಲಿಗೆ ಇತ್ತೀಚೆಗೆ ಹೋದವರು ಏನು ಬರೆದಿದ್ದಾರೆ ಎಂದು ಓದಿ. ಸಣ್ಣ ಅಂಗಡಿಗಳು ಜಾಗ ಬದಲಿಸುತ್ತಲೇ ಇರುತ್ತವೆ.

ಇನ್ನೊಂದು ವಿಷಯ ಕೇಳಿ ಅಮ್ಮನಿಗೆ ಬಹಳ ಖುಷಿ ಆಯಿತು. ಅಲ್ಲಿ ತುಂಬಾ ಜನ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಚಾಯ್ ಊಟವನ್ನೇ ಮಾಡುತ್ತಾರೆ. ಅಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ, ಹುಣ್ಣಿಮೆ. ಆ ದಿನ ಮಾಮೂಲಿ ಮಾಂಸದ ಅಂಗಡಿಯವರೂ ಚಾಯ್ ಅಡುಗೆ ಮಾಡುವುದುಂಟು. ಹಾಗಾಗಿ ಪಂಚಾಂಗ ನೋಡಿ ದಿನ ಗೊತ್ತುಮಾಡಿಕೊಳ್ಳಿ. ಲೆಕ್ಕ ಒಂದು ದಿನ ಆಚೀಚೆ ಆಗಬಹುದು, ಅಷ್ಟೇ.

ನಮಗೆ ಹುಣ್ಣಿಮೆ ಸಿಕ್ಕಿದ್ದು ಹುಎ ಊರಿನಲ್ಲಿ. ಊಟದ ವಿಷಯಕ್ಕೆ ಹೇಳುವುದಾದರೆ ಈ ಊರಿಗೆ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. 1802ರಿಂದ 1945ರವರೆಗೆ ನುಯೆನ್ ದೊರೆಗಳ ರಾಜಧಾನಿ ಅದು. ಊರ ತುಂಬಾ ಬೌದ್ಧ ಗುಡಿಗಳು. ಝೆನ್ ಗುರು ತಿಕ್ ನಾತ್ ಹಾನ್ ಕೊನೆಯ ದಿನಗಳನ್ನು ಕಳೆದು 2022ರಲ್ಲಿ ತೀರಿಕೊಂಡದ್ದೂ ಇಲ್ಲಿನ ತು ಹಿಯೆವ್ ಗುಡಿಯಲ್ಲೇ. ಗುಡಿಗಳು ಇರುವಲ್ಲಿ ಚಾಯ್ ಅಡುಗೆಯೂ ಇರುತ್ತದೆ. ಮಧ್ಯಾಹ್ನ ಲಿಯೆನ್ ಹ್ವಾ ಎಂಬ ಸಸ್ಯಾಹಾರಿ ಹೋಟೆಲಿನಲ್ಲಿ ಊಟ ಮಾಡಿದೆವು. ಆದರೆ ನೆನಪಿನಲ್ಲಿ ಉಳಿದದ್ದು ಸಂಜೆಯ ಊಟ.

ಒಬ್ಬ ಅಜ್ಜಿ ಮನೆ ಮುಂದೆ ಪುಟ್ಟ ಪುಟ್ಟ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತಿದ್ದರು. ರಟ್ಟಿನ ಮೇಲೆ ಕೈಯಲ್ಲಿ ಬರೆದ ಅದೇ ನಾಲ್ಕು ಅಕ್ಷರ. ದೊಡ್ಡ ಪಾತ್ರೆಯಲ್ಲಿ ಮೂಲಂಗಿ, ಅಣಬೆ, ಮಜ್ಜಿಗೆ ಹುಲ್ಲು ಹಾಕಿದ ಸಾರು ಕುದಿಯುತ್ತಿತ್ತು. ಬಟ್ಟಲಿಗೆ ಬಿಳಿ ಅಕ್ಕಿ ಶಾವಿಗೆ ಹಾಕಿ, ಹುರಿದ ತೋಫು, ಅಂದರೆ ಸೋಯಾ ಪನೀರ್, ಇಟ್ಟು, ಮೇಲೆ ಸಾರು ಸುರಿದು ಕೊಟ್ಟರು. ಪಕ್ಕದಲ್ಲಿ ಒಂದು ತಟ್ಟೆ ಸೊಪ್ಪು. ಅದರಲ್ಲಿ ಪುದೀನ, ತುಳಸಿ ಜಾತಿಯ ಎಲೆ, ಮತ್ತೆ ಕೂದಲಿನಷ್ಟು ಸಣ್ಣಗೆ ಹೆಚ್ಚಿದ ಏನೋ ಒಂದು. ಅಮ್ಮ ಅದನ್ನು ಎತ್ತಿ ನೋಡಿ, ಬೆರಳಿನಲ್ಲಿ ತಿಕ್ಕಿ, "ಬಾಳೆಹೂವು ಕಣೇ ಇದು!" ಎಂದಳು. ಮನೆಯಲ್ಲಿ ಬಾಳೆಹೂವಿನ ಪಲ್ಯ ಮಾಡಬೇಕಾದರೆ ನಾಳ ತೆಗೆದು, ಹೆಚ್ಚಿ, ಮಜ್ಜಿಗೆಯಲ್ಲಿ ನೆನೆಸುವ ಕೆಲಸ ಅವಳದೇ. ಅಮ್ಮ ಕೈಸನ್ನೆ ಮಾಡಿ ತಾನು ಹೆಚ್ಚುವ ರೀತಿ ತೋರಿಸಿದಳು. ಅಜ್ಜಿ ಒಳಗಿಂದ ಹೂವನ್ನೇ ತಂದು ತಾವು ಹೆಚ್ಚುವ ರೀತಿ ತೋರಿಸಿದರು. ಒಂದು ಮಾತೂ ಬಾರದ ಇಬ್ಬರು ಕಾಲು ಗಂಟೆ ಮಾತಾಡಿದರು. ಮೂರು ಬಟ್ಟಲಿಗೆ 90 ಸಾವಿರ ಡಾಂಗ್ ಆಯಿತು. ಸುಮಾರು 300 ಡಾಂಗ್‌ಗೆ ಒಂದು ರೂಪಾಯಿ ಎಂದು ಲೆಕ್ಕ ಹಿಡಿದರೆ ಮುನ್ನೂರು ರೂಪಾಯಿ.

ದುಡ್ಡು ಕೊಡುವಾಗ ಒಂದು ಎಚ್ಚರ. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಕತ್ತಲಲ್ಲಿ ಸುಲಭವಾಗಿ ಅದಲುಬದಲಾಗುತ್ತದೆ. 5 ಲಕ್ಷದ್ದನ್ನು ಪರ್ಸಿನ ಬೇರೆ ಖಾನೆಯಲ್ಲಿ ಇಡಿ.

ಚಾಯ್ ಹೋಟೆಲಿಗೆ ಮೊದಲ ಸಲ ಹೋದಾಗ ನಮ್ಮವರು ಹೆದರುವ ವಿಷಯ ಒಂದಿದೆ. ತಟ್ಟೆಯಲ್ಲಿ ಮೀನು, ಸಿಗಡಿ, ಕೋಳಿ ಕಾಲಿನ ಹಾಗೇ ಕಾಣುವ ಪದಾರ್ಥ ಬರುತ್ತದೆ. ಹೋಯ್ ಆನ್‌ನಲ್ಲಿ ಕೆಂಪು ಗೆರೆ ಇರುವ ಸಿಗಡಿಯಂಥದ್ದು ಬಂದಾಗ ಅಮ್ಮ ತಟ್ಟೆ ತಳ್ಳಿಬಿಟ್ಟಳು. ಅದು ಕೊಂಜಾಕ್ ಎಂಬ ಗೆಡ್ಡೆಯ ಹಿಟ್ಟಿನಿಂದ ಮಾಡಿದ್ದು. ನಮ್ಮ ಸುವರ್ಣಗೆಡ್ಡೆಯ ಹತ್ತಿರದ ನೆಂಟ. ಉಳಿದವು ಸೋಯಾ, ಗೋಧಿಯ ಅಂಟಿನಿಂದ ಮಾಡಿದವು. ಹಬ್ಬ, ತಿಥಿಗೆ ಚಾಯ್ ಮಾಡುವ ಮನೆಗಳಲ್ಲೂ ಮಾಮೂಲಿ ಅಡುಗೆಯ ರೂಪದಲ್ಲೇ ಬಡಿಸುವ ರೂಢಿ ಇದೆ. ಅದರಲ್ಲಿ ಮೋಸ ಏನೂ ಇಲ್ಲ. ಆದರೂ ಮನಸ್ಸು ಒಪ್ಪದಿದ್ದರೆ ಬಲವಂತ ಬೇಡ. ಹಿರಿಯರನ್ನು ಕರೆದುಕೊಂಡು ಹೋಗುವವರು ಇದನ್ನು ಮನೆಯಲ್ಲೇ ಹೇಳಿಟ್ಟಿರಿ. ತೋಫು, ಅಣಬೆ, ಸೊಪ್ಪಿನ ಪಲ್ಯವನ್ನೇ ಬೆರಳಿಟ್ಟು ಆರಿಸಿ. ಕೊಮ್ ಚಾಯ್ ಅಂಗಡಿಗಳಲ್ಲಿ ಎಲ್ಲವನ್ನೂ ಗಾಜಿನ ಹಿಂದೆ ಜೋಡಿಸಿರುತ್ತಾರೆ, ಕಷ್ಟ ಆಗುವುದಿಲ್ಲ.

ಹೋಯ್ ಆನ್‌ನಲ್ಲಿ ಮಿನ್ ಹಿಯೆನ್, ಹನೋಯ್‌ನಲ್ಲಿ ಉ ದಾಮ್ ಚಾಯ್, ಹೋ ಚಿ ಮಿನ್ ಸಿಟಿಯಲ್ಲಿ ಹಮ್ ಹೆಸರಾದ ಸಸ್ಯಾಹಾರಿ ಹೋಟೆಲುಗಳು. ಕೊನೆಯ ಎರಡು ದುಬಾರಿ. ಒಂದು ಸಲ ಕೂತು ನಿಧಾನವಾಗಿ ಉಣ್ಣಲು ಚೆನ್ನಾಗಿವೆ. ದಿನದ ಊಟಕ್ಕೆ ಗಲ್ಲಿಯ ಅಂಗಡಿಯೇ ಸಾಕು. ಇಂಡಿಯನ್ ಹೋಟೆಲುಗಳೂ ದೊಡ್ಡ ಊರುಗಳಲ್ಲಿ ಇವೆ. ಅಮ್ಮನಿಗಾಗಿ ಒಂದು ದಿನ ಹೋದೆವು. ದಿನಾ ಅಲ್ಲಿಗೇ ಹೋಗಬೇಡಿ ಎಂದು ಮನಸಾರೆ ಹೇಳುತ್ತೇನೆ. ಅಷ್ಟು ದೂರ ಹೋಗಿ, ಅಷ್ಟು ಒಳ್ಳೆಯ ಸಸ್ಯಾಹಾರ ಪಕ್ಕದ ಗಲ್ಲಿಯಲ್ಲಿರುವಾಗ, ಮನೆಯದೇ ದಾಲ್ ತಿಂದು ಬರುವುದು ನಷ್ಟ ಅಲ್ವಾ?

ನಿಜವಾಗಿ ತೊಂದರೆ ಆಗುವುದು ಪ್ಯಾಕೇಜ್ ಟೂರ್‌ನಲ್ಲಿ. ಹಾಲಾಂಗ್ ಕೊಲ್ಲಿಯ ದೋಣಿಯಲ್ಲಿ ಒಂದು ರಾತ್ರಿ ಇದ್ದೆವು. ಬುಕ್ ಮಾಡುವಾಗಲೇ ‘ವೆಜಿಟೇರಿಯನ್’ ಎಂದು ಬರೆದಿದ್ದೆ. ಅದು ಏಜೆಂಟಿನಿಂದ ಅಡುಗೆಯವರವರೆಗೆ ಹೋಗಲೇ ಇಲ್ಲ. ಸೊಪ್ಪಿನ ಪಲ್ಯ ಬಂತು, ನೋಡಲು ಸರಿಯಾಗೇ ಇತ್ತು. ಅಣ್ಣನ ಮಗಳು ಮೂಸಿ, "ಅತ್ತೆ, ಅಜ್ಜಿಗೆ ಕೊಡಬೇಡಿ" ಎಂದಳು. ಕೇಳಿದರೆ, ಸಮುದ್ರದ ಚಿಪ್ಪಿನ ಜೀವಿಯಿಂದ ಮಾಡುವ ಆಯ್ಸ್ಟರ್ ಸಾಸ್ ಹಾಕಿ ಹುರಿದಿದ್ದರು. ಸಮುದ್ರದ ಮಧ್ಯೆ ಬೇರೆ ಅಂಗಡಿ ಎಲ್ಲಿ ಹುಡುಕುವುದು? ಫೋನಿನಲ್ಲಿ ವಿಯೆಟ್ನಾಂ ಭಾಷೆಯಲ್ಲಿ ಬರೆದು ಸೀದಾ ಅಡುಗೆಯವರಿಗೇ ತೋರಿಸಿದೆ. ಆಮೇಲೆ ಟೊಮೆಟೊ ಗೊಜ್ಜಿನಲ್ಲಿ ಬೇಯಿಸಿದ ತೋಫು, ಬಿಸಿ ಅನ್ನ ಬಂತು. ಈ ವಾಕ್ಯವನ್ನು ಅನುವಾದ ಮಾಡಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ: "ನಾವು ಚಾಯ್ ಊಟ ಮಾಡುವವರು. ಮಾಂಸ, ಮೀನು, ಸಿಗಡಿ, ಮೊಟ್ಟೆ, ಮೀನಿನ ಸಾಸ್, ಆಯ್ಸ್ಟರ್ ಸಾಸ್, ಎಲುಬಿನ ಸಾರು ಬೇಡ." ಟೂರ್‌ನ ಹಿಂದಿನ ದಿನ ಫೋನ್ ಮಾಡಿಸಿ ಮತ್ತೆ ಖಚಿತ ಮಾಡಿಕೊಳ್ಳಿ. ಹೋಟೆಲ್ ರಿಸೆಪ್ಷನ್‌ನವರು ಖುಷಿಯಿಂದ ಮಾಡಿಕೊಡುತ್ತಾರೆ.

ವೀಗನ್ ಆದವರಿಗೆ ಊಟಕ್ಕಿಂತ ಕಾಫಿಯೇ ಕಷ್ಟ. ಅಲ್ಲಿಯ ಕಾಫಿಗೆ ಮಂದವಾದ ಸಿಹಿ ಹಾಲು ಹಾಕುತ್ತಾರೆ. ‘ಕಾ ಫೆ ದೆನ್’ ಎಂದು ಕೇಳಿದರೆ ಹಾಲಿಲ್ಲದ ಕಪ್ಪು ಕಾಫಿ. ತೆಂಗಿನಕಾಯಿ ಕಾಫಿಯಲ್ಲೂ ಎಷ್ಟೋ ಕಡೆ ಆ ಹಾಲು ಇರುತ್ತದೆ, ಕೇಳಿ ತೊಗೊಳ್ಳಿ. ಮೊಟ್ಟೆ ತಿನ್ನದವರು ಹನೋಯ್‌ನ ‘ಕಾ ಫೆ ಚುಂಗ್’ ಬಗ್ಗೆ ಹುಷಾರಾಗಿರಿ. ಮೇಲಿನ ಹಳದಿ ನೊರೆ ನೋಡಿದರೆ ಕ್ರೀಮ್ ಅನ್ನಿಸುತ್ತದೆ. ಅದು ಕಡೆದ ಮೊಟ್ಟೆಯ ಹಳದಿ. 1946ರಲ್ಲಿ ಹಾಲಿಗೆ ಬರ ಇದ್ದಾಗ ಹಾಲಿನ ಬದಲು ಮೊಟ್ಟೆ ಹಾಕಿ ಶುರುಮಾಡಿದ್ದು. ಬೀದಿಯ ‘ಬಾನ್ ಮಿ ಚಾಯ್’ ಬ್ರೆಡ್ಡಿಗೂ ಒಮ್ಮೊಮ್ಮೆ ಮೊಟ್ಟೆಯ ಸಾಸ್ ಹಚ್ಚುತ್ತಾರೆ. ಅಮ್ಮನಿಗೆ ರಾತ್ರಿ ಮೊಸರನ್ನ ಬೇಕೇ ಬೇಕು. ಅಂಗಡಿಯಲ್ಲಿ ಸಿಗುವ ಮೊಸರಿನ ಡಬ್ಬಿ ಸಾಮಾನ್ಯವಾಗಿ ಸಿಹಿ. ‘ಖೊಂಗ್ ದುವೊಂಗ್’, ಅಂದರೆ ಸಕ್ಕರೆ ಇಲ್ಲದ್ದು ಎಂದು ಕೇಳಿ. ಕೆಲವದರಲ್ಲಿ ಪ್ರಾಣಿಗಳ ಎಲುಬು, ಚರ್ಮದಿಂದ ತೆಗೆಯುವ ಜೆಲಟಿನ್ ಇರುತ್ತದೆ. ಆ ಪದ ಇಂಗ್ಲಿಷಿನ ಹಾಗೇ ಬರೆದಿರುತ್ತದೆ, ಲೇಬಲ್ ನೋಡಿ.

ವಿಮಾನದ ಊಟದಲ್ಲೂ ಒಂದು ಬಲೆ ಇದೆ. ‘ಹಿಂದೂ ಮೀಲ್’ ಎಂದು ಇರುತ್ತದಲ್ಲ, ಅದು ಸಸ್ಯಾಹಾರ ಅಲ್ಲ. ದನ, ಹಂದಿ ಇಲ್ಲದ ಊಟ ಅಷ್ಟೇ, ಕೋಳಿ ಕುರಿ ಬರಬಹುದು. ನಮಗೆ ಬೇಕಾದ್ದು ಏಷ್ಯನ್ ವೆಜಿಟೇರಿಯನ್ ಊಟ, ಅದರ ಕೋಡ್ ಎವಿಎಂಎಲ್. ವೀಗನ್‌ಗೆ ವಿಜಿಎಂಎಲ್, ಈರುಳ್ಳಿ ಬೆಳ್ಳುಳ್ಳಿ ಬೇಡದವರಿಗೆ ಜೈನ ಊಟ, ವಿಜೆಎಂಎಲ್. ಟಿಕೆಟ್ ಮಾಡುವಾಗಲೇ ಹಾಕಿಬಿಡಿ.

ಬರುವಾಗ ಬ್ಯಾಂಕಾಕ್‌ನಲ್ಲಿ ಒಂದು ದಿನ ಇದ್ದೆವು. ಅಲ್ಲಿ ಚಾಯ್ ನಡೆಯುವುದಿಲ್ಲ. ಅಲ್ಲಿಯ ಪದ ‘ಜೇ’. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರ ಇರುವ ಪುಟ್ಟ ಬಾವುಟ ಕಂಡರೆ ಒಳಗೆ ಹೋಗಿ. ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇರುವುದಿಲ್ಲ. ಅಮ್ಮ, ಅಣ್ಣನ ಮಗಳು ಇಬ್ಬರಿಗೂ ಸರಿಹೋಯಿತು. ಇನ್ನೊಂದು ಪದವೂ ಇದೆ, ಅದರಲ್ಲಿ ಮೊಟ್ಟೆ ಹಾಲು ನಡೆಯುತ್ತದೆ. ಬಡಿಸುತ್ತಿದ್ದ ಹೆಂಗಸು ಅದನ್ನು ನಿಧಾನವಾಗಿ ಬಿಡಿಸಿ ಹೇಳಿದರು, "ಮಾಂಗ್-ಸ-ವಿ-ರಾಟ್". ಅಮ್ಮ ಚಮಚ ಕೆಳಗಿಟ್ಟು ಇನ್ನೊಂದು ಸಲ ಹೇಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಮಾಂಸ ವಿರತಿ! ನಮ್ಮ ಪದವೇ ಅಲ್ವೇನೇ ಇದು?" ಎಂದಳು. ಹೌದು, ಅದೇ.