ಹದಿನಾಲ್ಕು ತಿರುವು, ಒಂದು ನಟ್ಟು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುವಾಗ ನಿಮಗೆ ಸರಿಯಾದ ಜಾಗದಲ್ಲಿ ನಗು ಬರಬೇಕಲ್ಲ, ಅದಕ್ಕೆ.

ಅಪ್ಪನ ಬಲಗಣ್ಣಿಗೆ ಪೊರೆ ಬಂದಿತ್ತು. ಅಕ್ಟೋಬರ್ ರಜೆಯಲ್ಲಿ ಉಡುಪಿಯ ಕಣ್ಣಿನ ಡಾಕ್ಟರ್ ಹತ್ತಿರ ತೋರಿಸುವುದೆಂದು ಗೊತ್ತುಮಾಡಿದ್ದೆವು. ಬೆಳಿಗ್ಗೆ ಹನ್ನೊಂದಕ್ಕೆ ಟೈಮು. ತೀರ್ಥಹಳ್ಳಿ ಕಡೆಯವರಾದ ನಮಗೆ ಉಡುಪಿ ಎಂದರೆ ಆಗುಂಬೆ ಘಾಟಿ ಇಳಿಯಲೇಬೇಕು. ಅಪ್ಪನಿಗೆ ಘಾಟಿಯಲ್ಲಿ ಬಸ್ಸು ಹತ್ತಿದರೆ ಎರಡನೇ ತಿರುವಿಗೇ ವಾಂತಿ. ಬೈಕಿನ ಹಿಂದೆ ಕೂತರೆ ಏನೂ ಆಗುವುದಿಲ್ಲ. ಹಾಗಾಗಿ ನಮ್ಮ ಸ್ಪ್ಲೆಂಡರನ್ನೇ ತೆಗೆದೆವು.

ಅದು ಅಪ್ಪ 2003ರಲ್ಲಿ ಅಡಿಕೆಗೆ ಒಳ್ಳೆ ರೇಟು ಬಂದ ಖುಷಿಯಲ್ಲಿ ಕೊಂಡ ಹೀರೋ ಹೋಂಡಾ. ಮುಂದೂ ಹಿಂದೂ ಡ್ರಮ್ ಬ್ರೇಕು, ಅಂದರೆ ಚಕ್ರದ ನಡುವಿನ ಡಬ್ಬಿಯೊಳಗೆ ಶೂ ಎನ್ನುವ ಎರಡು ತುಂಡುಗಳು ಅಗಲಿ ಒತ್ತಿ ಚಕ್ರ ನಿಲ್ಲಿಸುವಂಥದ್ದು. ನಾಲ್ಕು ಗೇರು. ಹದಿನೈದು ವರ್ಷಕ್ಕೆ ಆರ್‌ಸಿ ಮುಗಿದಾಗ ಐದು ವರ್ಷಕ್ಕೆ ಮಾಡಿಸಿದೆವು, ಅದೂ ಮುಗಿದ ಮೇಲೆ ಮತ್ತೆ ಐದು ವರ್ಷ. ಅದನ್ನು ಮಾರು ಎಂದು ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅಪ್ಪನಿಗೆ ಎಪ್ಪತ್ತಾದ ಮೇಲೆ ಗಾಡಿ ನನ್ನ ಕೈಗೆ ಬಂತು. ಅಂದಿನಿಂದ ಶಾಲೆಗೆ, ಪೇಟೆಗೆ, ತೋಟಕ್ಕೆ ಎಲ್ಲದಕ್ಕೂ ಅದೇ.

ಒಂದೆರಡು ತಿಂಗಳಿಂದ ಹಿಂದಿನ ಬ್ರೇಕ್ ಪೆಡಲ್ ಆಳಕ್ಕೆ ಹೋಗುತ್ತಿತ್ತು. ಅದಕ್ಕೆ ನನ್ನ ಹತ್ತಿರ ಮದ್ದಿತ್ತು. ಹಿಂದಿನ ಚಕ್ರದ ಪಕ್ಕ, ಬ್ರೇಕ್ ರಾಡಿನ ತುದಿಯಲ್ಲಿ ಒಂದು ನಟ್ಟು ಇರುತ್ತದಲ್ಲ, ಅದನ್ನು ಎರಡು ಸುತ್ತು ತಿರುಗಿಸಿದರೆ ಪೆಡಲ್ ಮತ್ತೆ ಮೇಲೆ ಬರುತ್ತದೆ. ಸ್ಪ್ಯಾನರೂ ಬೇಡ, ಕೈಯಲ್ಲೇ ಆಗುತ್ತದೆ. ಹದಿನೈದು ದಿನಕ್ಕೊಮ್ಮೆ ಎರಡು ಸುತ್ತು. ಗಾಡಿ ರಿಪೇರಿ ನನಗೂ ಬರುತ್ತದೆ ಎಂದು ಒಳಗೊಳಗೇ ಜಂಬ ಬೇರೆ. ಹೊರಡುವ ಹಿಂದಿನ ಸಂಜೆಯೂ ತಿರುಗಿಸಿದ್ದೆ. ಟೈರಿಗೆ ಗಾಳಿ ಹಿಡಿಸಿದೆ, ಚೈನಿಗೆ ಎಣ್ಣೆ ಬಿಟ್ಟೆ, ಹಾರ್ನ್ ಹೊಡೆದು ನೋಡಿದೆ. ಎಲ್ಲ ಸರಿಯಿದೆ ಅಂದುಕೊಂಡೆ.

ಬೆಳಿಗ್ಗೆ ಆಗುಂಬೆ ಮುಟ್ಟಿದಾಗ ಮಂಜು. ಚಾ ಕುಡಿದೆವು. ಅಪ್ಪ ಹೆಲ್ಮೆಟ್ ತೆಗೆದು ತೊಡೆ ಮೇಲಿಟ್ಟುಕೊಂಡು, ಕಿವಿ ನೋಯುತ್ತದೆ ಎಂದು ಅದಕ್ಕೇ ಬೈದರು. ನಾನು ಐಎಸ್‌ಐ ಮಾರ್ಕು ನೋಡಿಯೇ ಕೊಂಡಿದ್ದೆ, ಸೈಜು ಮಾತ್ರ ನೋಡಿರಲಿಲ್ಲ. ಮಂಗಗಳು ಪಾರ್ಲೆ ಬಿಸ್ಕತ್ತಿಗೆ ಕಾಯುತ್ತಿದ್ದವು. ಚಾಕ್ಕೆ ದುಡ್ಡು ಕೊಟ್ಟು ಹೊರಟೆವು.

ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳು. ಮೇಲಿಂದ ಸೋಮೇಶ್ವರದವರೆಗೆ ಹತ್ತು-ಹನ್ನೊಂದು ಕಿಲೋಮೀಟರಿನಲ್ಲಿ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ಇಳಿಯುತ್ತೇವೆ. ನಮ್ಮ ಕಡೆ ಇದನ್ನು ಪುಕ್ಕಟೆ ದಾರಿ ಅಂತಲೇ ಲೆಕ್ಕ. ಗಾಡಿ ನ್ಯೂಟ್ರಲ್ ಮಾಡಿ ಬಿಟ್ಟರಾಯ್ತು, ತಾನಾಗಿ ಇಳಿಯುತ್ತದೆ. ಕೆಲವರು ಕೀಲಿಯನ್ನೇ ತಿರುಗಿಸಿ ಇಂಜಿನ್ ಬಂದ್ ಮಾಡುತ್ತಾರೆ. ನಾನು ಅಷ್ಟು ದಡ್ಡನಲ್ಲ, ನ್ಯೂಟ್ರಲ್ ಮಾತ್ರ. ಪೆಟ್ರೋಲ್ ನೂರು ರೂಪಾಯಿ ದಾಟಿದ ಮೇಲೆ ಅಭ್ಯಾಸ ಇನ್ನೂ ಗಟ್ಟಿಯಾಗಿತ್ತು. ಆಮೇಲೆ ಲೆಕ್ಕ ಹಾಕಿದೆ. ಲೀಟರಿಗೆ ಅರವತ್ತು ಕೊಡುವ ಗಾಡಿ, ಹನ್ನೊಂದು ಕಿಲೋಮೀಟರಿಗೆ ಪೂರ್ತಿ ಪೆಟ್ರೋಲ್ ಉಳಿಯಿತು ಅಂದುಕೊಂಡರೂ ಇಪ್ಪತ್ತು ರೂಪಾಯಿ ಆಗುವುದಿಲ್ಲ.

ಮೊದಲ ನಾಲ್ಕೈದು ತಿರುವು ಚೆನ್ನಾಗಿಯೇ ಹೋಯಿತು. ಬಲಗಾಲು ಹಿಂದಿನ ಬ್ರೇಕಿನ ಮೇಲೆ ಊರಿಕೊಂಡೇ ಇತ್ತು. ಮುಂದಿನ ಬ್ರೇಕನ್ನು ನಾನು ಮುಟ್ಟುತ್ತಿರಲಿಲ್ಲ. ಗಾಡಿ ಕಲಿಯುವಾಗ ಅಪ್ಪ ಹೇಳಿದ್ದು ಅದೊಂದೇ ಮಾತು: "ಮುಂದಿನ ಬ್ರೇಕ್ ಹಿಡೀಬೇಡ, ಪಲ್ಟಿ ಹೊಡಿತೀಯ." ಇಷ್ಟು ವರ್ಷ ಅದನ್ನು ಪಾಲಿಸಿದ್ದೆ.

ಅರ್ಧ ಘಾಟಿ ಇಳಿದಿರಬೇಕು. ಒಂದು ವಾಸನೆ ಬಂತು. ಒದ್ದೆ ಗೋಣಿ ಸುಟ್ಟ ಹಾಗೆ. ಕಾಡಿನಲ್ಲಿ ಯಾರೋ ಏನೋ ಸುಡುತ್ತಿದ್ದಾರೆ ಎಂದುಕೊಂಡೆ. ಮುಂದಿನ ತಿರುವಿಗೆ ಪೆಡಲ್ ಒತ್ತಿದರೆ ಅದು ಸೀದಾ ಕೆಳಗೆ ಹೋಯಿತು. ಬ್ರೇಕ್ ಹಿಡಿಯಿತು ಅನ್ನುವುದಕ್ಕಿಂತ ಸವರಿತು ಅನ್ನಬೇಕು. ಗಾಡಿ ನಿಧಾನ ಆಗಲಿಲ್ಲ. ಕೆಳಗಿಂದ ಮಿನಿಬಸ್ಸೊಂದು ಹಾರ್ನ್ ಹೊಡೆಯುತ್ತಾ ತಿರುವು ತುಂಬ ಹತ್ತಿ ಬರುತ್ತಿತ್ತು. ಘಾಟಿಯಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಎನ್ನುವುದು ಗೊತ್ತಿತ್ತು. ಬಿಡುವುದಕ್ಕೆ ನಿಲ್ಲಬೇಕಲ್ಲ!

ಹೆದರಿದಾಗ ಮನುಷ್ಯ ಎಷ್ಟು ಪೆದ್ದನಾಗುತ್ತಾನೆ ನೋಡಿ. ಹಿಡಿಯದ ಪೆಡಲನ್ನೇ ಮತ್ತೆ ಮತ್ತೆ ತುಳಿಯುತ್ತಿದ್ದೆ. ಹಿಂದಿನಿಂದ ಅಪ್ಪ ಬೆನ್ನಿಗೆ ಗುದ್ದಿದರು.

"ಏ, ಗೇರ್ ಹಾಕಾ! ಎಂಥ ನ್ಯೂಟ್ರಲ್ಲಾ?"

ಕ್ಲಚ್ ಹಿಡಿದು ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಇಂಜಿನ್ ಗೊಂಯ್ ಎಂದು ಕೂಗಿತು, ಹಿಂದಿನ ಚಕ್ರ ಒಂದು ಸಲ ಎಳೆದಾಡಿತು, ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ ಹಾಗಾಯ್ತು. ವೇಗ ಇಳಿಯಿತು. ಮುಂದಿನ ಬ್ರೇಕನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಂಡಿದೆ. ಪಲ್ಟಿ ಹೊಡೆಯಲಿಲ್ಲ. ಹಿಮ್ಮಡಿಯಲ್ಲಿ ಒತ್ತಿ ಒಂದನೇ ಗೇರಿಗೆ ತಂದೆ. ಗುಡ್ಡದ ಬದಿಯ ಚರಂಡಿ ಅಂಚಿಗೆ ಗಾಡಿ ನಿಂತಿತು. ಮಿನಿಬಸ್ಸಿನ ಡ್ರೈವರ್ ಏನೋ ಬೈದು ಹೋದ. ತುಳುವಿನಲ್ಲಿ ಬೈದಿದ್ದರಿಂದ ಪೂರ್ತಿ ಅರ್ಥ ಆಗಲಿಲ್ಲ, ಅಷ್ಟು ಪುಣ್ಯ.

ಇಳಿದು ನೋಡಿದರೆ ಹಿಂದಿನ ಚಕ್ರದ ನಡುವಿನಿಂದ ಸಣ್ಣಗೆ ಹೊಗೆ. ಬಾಟಲಿ ತೆಗೆದು ನೀರು ಹೊಯ್ಯಲು ಹೋದೆ. ಅಪ್ಪ ಕೈ ಹಿಡಿದರು. "ಕಾದ ಬಾಣಲೆಗೆ ತಣ್ಣೀರು ಹಾಕ್ತಾರೇನಾ? ಒಡೆದು ಹೋದ್ರೆ? ಸುಮ್ನೆ ಕೂತ್ಕ." ಇಬ್ಬರೂ ಕಲ್ಲಿನ ಮೇಲೆ ಕೂತೆವು. ಮುಕ್ಕಾಲು ಗಂಟೆ.

ಕೂತಲ್ಲಿ ಮಾಡಲು ಕೆಲಸ ಇರಲಿಲ್ಲ. ತಲೆ ಲೆಕ್ಕಕ್ಕೆ ಇಳಿಯಿತು. ಗಾಡಿ, ಅಪ್ಪ, ನಾನು ಎಲ್ಲ ಸೇರಿ 240 ಕಿಲೋ. 500 ಮೀಟರ್ ಕೆಳಗೆ ಇಳಿಯಬೇಕು. ಶಕ್ತಿ ಎಲ್ಲೂ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವನು ನಾನೇ. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಆ ಶಕ್ತಿಯಲ್ಲಿ ಗಾಳಿ, ಟೈರು ತಿಂದು ಉಳಿದದ್ದೆಲ್ಲ ಬ್ರೇಕಿನಲ್ಲೇ ಬಿಸಿಯಾಗಬೇಕು. ಪೂರ್ತಿ ಲೆಕ್ಕ ಹಾಕಿದರೆ ಮೂರು ಲೀಟರಿಗೂ ಜಾಸ್ತಿ ತಣ್ಣೀರನ್ನು ಕುದಿಸುವಷ್ಟು ಬಿಸಿ. ಅದನ್ನೆಲ್ಲ ನಾನು ಒಂದು ಸಣ್ಣ ಡ್ರಮ್ಮಿನೊಳಗೆ ತುಂಬಿದ್ದೆ. ಗೇರಿನಲ್ಲಿದ್ದರೆ ಒಂದು ಪಾಲನ್ನು ಇಂಜಿನ್ ಹೊರುತ್ತಿತ್ತು. ಬಿಸಿಯಾದರೆ ಲೋಹ ಹಿಗ್ಗುತ್ತದೆ, ಅದಕ್ಕೇ ರೈಲು ಹಳಿಗಳ ನಡುವೆ ಜಾಗ ಬಿಡುತ್ತಾರೆ ಎಂಬುದೂ ನನ್ನದೇ ಪಾಠ. ಡ್ರಮ್ ಹಿಗ್ಗಿದರೆ ಒಳಗಿನ ಶೂ ಅದನ್ನು ಮುಟ್ಟಲು ಇನ್ನಷ್ಟು ದೂರ ಹೋಗಬೇಕು. ಪೆಡಲ್ ಕೆಳಗೆ ಹೋಗದೆ ಇನ್ನೇನಾಗುತ್ತದೆ? ಬಸ್ಸು ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಯಾಕೆ ವಾಲುತ್ತೇವೆ ಎಂಬ ಪ್ರಶ್ನೆಗೆ ಎರಡು ಅಂಕ ಕೊಡುತ್ತೇನೆ. ಬೈಕಿನಲ್ಲೂ ಭಾರ ಮುಂದಿನ ಚಕ್ರಕ್ಕೇ ಹೋಗುತ್ತದೆ, ಹಿಡಿತ ಜಾಸ್ತಿ ಸಿಗುವುದು ಅಲ್ಲೇ, ಅದರ ಬ್ರೇಕನ್ನೇ ಮುಟ್ಟದೆ ಇಷ್ಟು ವರ್ಷ ಓಡಿಸಿದೆನಲ್ಲ. ನನಗೆ ಎಷ್ಟು ಅಂಕ ಕೊಡಬೇಕೋ ನೀವೇ ಹೇಳಿ.

ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿ, "ಮುಂದಿನ ಬ್ರೇಕ್ ಹಿಡೀಬೇಡ ಅಂದಿದ್ದು ಮಣ್ಣು ರಸ್ತೆಲಿ, ಮಳೇಲಿ, ತಿರುವು ತಿರುಗ್ತಾ ಹಿಡೀಬೇಡ ಅಂತ" ಅಂದರು. ಆಗ ಹೇಳಿದ್ದು ಇಷ್ಟುದ್ದ ಇರಲಿಲ್ಲ ಎಂದು ನನಗೆ ಚೆನ್ನಾಗಿ ನೆನಪಿದೆ. ವಾದ ಮಾಡಲಿಲ್ಲ.

ಡ್ರಮ್ ಆರಿದ ಮೇಲೆ ಉಳಿದ ಘಾಟಿಯನ್ನು ಒಂದು, ಎರಡನೇ ಗೇರಿನಲ್ಲೇ ಇಳಿದೆವು. ತಿರುವಿಗೆ ಮುಂಚೆ, ಗಾಡಿ ನೇರ ಇರುವಾಗಲೇ ಎರಡೂ ಬ್ರೇಕು ಸ್ವಲ್ಪ ಸ್ವಲ್ಪ. ಹೆಬ್ರಿಯಲ್ಲಿ ರಸ್ತೆ ಬದಿಗೆ ಒಂದು ಸಣ್ಣ ಗ್ಯಾರೇಜು ಸಿಕ್ಕಿತು. ಮೆಕ್ಯಾನಿಕ್‌ಗೆ ನನ್ನಷ್ಟೇ ವಯಸ್ಸು. ಅವರು ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಕೂತು, ಬ್ರೇಕ್ ರಾಡು ನೋಡಿದರು. ಅವರ ಮೊದಲ ಮಾತೇ ಹೀಗಿತ್ತು:

"ಎಂತ ಮಾರಾಯ್ರೆ ಇದು, ನಟ್ಟು ಕೊನೆಗೆ ಬಂದು ಕೂತಿದೆ. ಇನ್ನು ತಿರುಗಿಸ್ಲಿಕ್ಕೆ ಎಲ್ಲಿ ಉಂಟು ಜಾಗ?"

ನಾನೇ ತಿರುಗಿಸಿದ್ದು ಎಂದೆ. ಎಷ್ಟು ಸಲ ಎಂದು ಕೇಳಿದರು. ಲೆಕ್ಕ ಇಟ್ಟಿಲ್ಲ ಎಂದೆ. ಅವರು ಚಿಂದಿ ಬಟ್ಟೆಯಲ್ಲಿ ಬ್ರೇಕ್ ಪ್ಲೇಟಿನ ಮೇಲಿನ ಜಿಡ್ಡು ಒರೆಸಿದರು. ಇಪ್ಪತ್ತು ವರ್ಷ ನಮ್ಮ ಮನೆಯಲ್ಲಿರುವ ಗಾಡಿಯ ಮೇಲೆ ನಾನು ಒಂದು ಸಲವೂ ನೋಡದ ಒಂದು ಸಣ್ಣ ಬಾಣ ಕಾಣಿಸಿತು. ಬ್ರೇಕ್ ರಾಡು ಎಳೆಯುವ ಸಣ್ಣ ತೋಳಿನ, ಅಂದರೆ ಆರ್ಮಿನ ಬುಡದಲ್ಲಿ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಪಕ್ಕದಲ್ಲಿ ಪ್ಲೇಟಿನ ಮೇಲೆ ಇನ್ನೊಂದು ಗುರುತು.

"ಪೆಡಲ್ ಒತ್ತಿ ನೋಡುವಾ."

ಒತ್ತಿದೆ. ಬಾಣ ತಿರುಗಿ ಗುರುತನ್ನು ಮುಟ್ಟಿತು, ದಾಟಿಯೂ ಹೋಯಿತು.

"ಬಾಣ ಗುರುತಿಗೆ ಬಂದ್ರೆ ಶೂ ಮುಗೀತು ಅಂತ ಅರ್ಥ. ಆಮೇಲೆ ನಟ್ಟು ತಿರುಗಿಸಿದ್ರೆ ಪೆಡಲ್ ಮಾತ್ರ ಮೇಲೆ ಬರ್ತದೆ, ಬ್ರೇಕ್ ಬರುದಿಲ್ಲ."

ಚಕ್ರ ಬಿಚ್ಚಿದರು. ಎರಡು ಶೂಗಳನ್ನು ನನ್ನ ಕೈಯಲ್ಲಿಟ್ಟರು. ಅವುಗಳ ಮೇಲಿನ ಸವೆಯುವ ಪದರ, ಲೈನರ್, ಹಪ್ಪಳದಷ್ಟು ತೆಳ್ಳಗೆ, ಮೇಲ್ಮೈ ಗಾಜಿನ ಹಾಗೆ ಮಿರಮಿರ. ಉಗುರಿನಿಂದ ಗೀರಿದೆ, ಜಾರಿತು. ಆಮೇಲೆ ಅವರು ಆರ್ಮ್ ಕಳಚಿ ತೋರಿಸಿದ್ದು ಇನ್ನೂ ಹೆದರಿಕೆ ಹುಟ್ಟಿಸುವಂಥದ್ದು. ಹಿಂದೆ ಎಲ್ಲೋ ಸರ್ವಿಸಿಗೆ ಬಿಟ್ಟಾಗ ಯಾರೋ ಶೂ ಬದಲಿಸುವ ಬದಲು ಆರ್ಮನ್ನೇ ಅದು ಕೂರುವ ಹಲ್ಲಿನ ಕಡ್ಡಿಯ ಮೇಲೆ ಒಂದು ಹಲ್ಲು ಹಿಂದಕ್ಕೆ ಸರಿಸಿ ಕೂರಿಸಿದ್ದರು. ಹಾಗಾಗಿಯೇ ನಟ್ಟಿಗೆ ಇಷ್ಟು ದಿನ ತಿರುಗಲು ಜಾಗ ಸಿಕ್ಕಿದ್ದು. ಶೂ ಇನ್ನೂ ಸವೆದಿದ್ದರೆ ಅದನ್ನು ಅಗಲಿಸುವ ಕ್ಯಾಮ್ ಪೂರ್ತಿ ಅಡ್ಡ ತಿರುಗಿ ಸಿಕ್ಕಿಕೊಂಡು, ಚಕ್ರವೇ ಹಿಡಿದುಬಿಡುವ ಸಾಧ್ಯತೆ ಇತ್ತಂತೆ. ಬ್ರೇಕ್ ಸಿಗದಿರುವುದು ಒಂದು, ಬಿಡದಿರುವುದು ಇನ್ನೊಂದು. ಯಾವುದು ವಾಸಿ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಬ್ರೇಕ್ ಪ್ಲೇಟನ್ನು ಹಿಡಿದಿಡುವ ಉದ್ದ ಪಟ್ಟಿಯ ನಟ್ಟಿಗೆ, ಅದು ಕಳಚದಂತೆ ತಡೆಯುವ ಎರಡು ಕಾಲಿನ ಸ್ಪ್ಲಿಟ್ ಪಿನ್ ಇರಲಿಲ್ಲ. ಯಾರೋ ತಂತಿ ಸುತ್ತಿದ್ದರು. ಅದನ್ನು ನೋಡಿ ಮೆಕ್ಯಾನಿಕ್ ಏನೂ ಹೇಳಲಿಲ್ಲ. ಹೊಸ ಪಿನ್ ಹಾಕಿ, ಅದರ ಕಾಲುಗಳನ್ನು ಬಗ್ಗಿಸಿದರು. ಡ್ರಮ್ ಒಳಗಿನ ಧೂಳನ್ನು ಊದಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರು. ಉಪ್ಪುಕಾಗದದಲ್ಲಿ ಉಜ್ಜಿ, ಹೊಸ ಶೂ ಕೂರಿಸಿದರು. ಮುಂದಿನ ಬ್ರೇಕಿನ ಕೇಬಲ್ಲನ್ನೂ ಲಿವರ್ ಹತ್ತಿರ ಎಳೆದು ನೋಡಿದರು. ಮೂರ್ನಾಲ್ಕು ಎಳೆ ಆಗಲೇ ತುಂಡಾಗಿ ಬ್ರಷ್ಷಿನ ಕೂದಲಿನ ಹಾಗೆ ಎದ್ದಿತ್ತು. ಘಾಟಿಯಲ್ಲಿ ನಮ್ಮನ್ನು ನಿಲ್ಲಿಸಿದ್ದು ಉಳಿದ ಎಳೆಗಳು. ಅದನ್ನೂ ಬದಲಿಸಿದರು.

ಎಲ್ಲ ಸೇರಿ ಐನೂರು ರೂಪಾಯಿ ಆಗಲಿಲ್ಲ. ನಾನು ಮೇಷ್ಟ್ರು ಎಂದು ಅಪ್ಪ ಅಷ್ಟರಲ್ಲಿ ಹೇಳಿಯಾಗಿತ್ತು. "ಹೊಸ ಶೂ, ಕೂರ್ಲಿಕ್ಕೆ ಸ್ವಲ್ಪ ದಿವಸ ಬೇಕು ಮಾಷ್ಟ್ರೆ. ನಿಧಾನ ಹೋಗಿ" ಅಂದರು. ಉಡುಪಿ ಮುಟ್ಟಿದಾಗ ಒಂದೂವರೆ. ಡಾಕ್ಟರ್ ಊಟಕ್ಕೆ ಎದ್ದಿದ್ದರು. ನಾಲ್ಕಕ್ಕೆ ನೋಡಿ, ಆಪರೇಷನ್‌ಗೆ ದಿನ ಕೊಟ್ಟರು. ಆ ರಾತ್ರಿ ಉಡುಪಿಯಲ್ಲೇ ಉಳಿದು ಮರುದಿನ ಹತ್ತಿಕೊಂಡು ಬಂದೆವು. ಹತ್ತುವುದರಲ್ಲಿ ಹೇಳುವಂಥದ್ದೇನಿಲ್ಲ.

ಈಗ ಭಾನುವಾರ ಬೆಳಿಗ್ಗೆ ಗಾಡಿಯ ಮುಂದೆ ಅರ್ಧ ಗಂಟೆ ಕೂರುತ್ತೇನೆ. ಕೇಬಲ್ ತುದಿ, ಪಿನ್ನು, ಟೈರಿಗೆ ಚುಚ್ಚಿದ ಕಲ್ಲು, ಚೈನಿನ ಸಡಿಲ. ಚೈನ್ ಒರೆಸುವಾಗ ಇಂಜಿನ್ ಬಂದ್ ಮಾಡಿ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತೇನೆ. ಗೇರಿನಲ್ಲಿ ಓಡಲು ಬಿಟ್ಟು ಬಟ್ಟೆ ಹಿಡಿದರೆ ಬೇಗ ಆಗುತ್ತದೆ ನಿಜ, ನಮ್ಮೂರಲ್ಲೇ ಒಬ್ಬರಿಗೆ ಹಾಗೆ ಮಾಡಲು ಹೋಗಿ ಬೆರಳಿನ ತುದಿ ಇಲ್ಲ. ನಟ್ಟನ್ನು ಈಗಲೂ ತಿರುಗಿಸುತ್ತೇನೆ. ತಿರುಗಿಸಿದ ದಿನ ಪೆಟ್ರೋಲ್ ಲೆಕ್ಕದ ಡೈರಿಯಲ್ಲಿ ಬರೆಯುತ್ತೇನೆ.

ಬಾಣ ಮಾತ್ರ ಜಿಡ್ಡು ಕೂತರೆ ಕಾಣುತ್ತಿರಲಿಲ್ಲ. ಮಗಳ ಹತ್ತಿರ ಕೆಂಪು ನೇಲ್ ಪಾಲಿಷ್ ಕೇಳಿ ಇಸಕೊಂಡು, ಬಾಣಕ್ಕೊಂದು ಚುಕ್ಕೆ, ಗುರುತಿಗೊಂದು ಚುಕ್ಕೆ ಇಟ್ಟೆ. ಅಪ್ಪನಿಗೆ ಆಪರೇಷನ್ ಆಗಿ ಮೂರು ವಾರ ಆಗಿತ್ತು. ಕಪ್ಪು ಕನ್ನಡಕ ತೆಗೆದು, ಮೊಣಕಾಲು ಹಿಡಿದುಕೊಂಡು ನನ್ನ ಪಕ್ಕ ಬಂದು ಕುಕ್ಕರಗಾಲಿನಲ್ಲಿ ಕೂತರು. ಎಡಗಣ್ಣು ಮುಚ್ಚಿ, ಬರೀ ಬಲಗಣ್ಣಲ್ಲಿ ನೋಡಿದರು.

"ಒತ್ತಾ ಪೆಡಲ್" ಅಂದರು.

ಒತ್ತಿದೆ.

"ಇನ್ನೂ ಒಂದು ಬೆರಳು ದೂರ ಇದೆ" ಅಂದರು ಅಪ್ಪ.