ರಕ್ತ ಬರದ ವಸಡು

ನಮ್ಮ ಅವ್ವ ಖಡಕ್ ರೊಟ್ಟಿಯನ್ನು ಕಟಕಟ ಅಂತ ಕಡಿದು ತಿನ್ನುವವಳು. ಹೋದ ದೀಪಾವಳಿಗೆ ಬೈಲಹೊಂಗಲಕ್ಕೆ ಹೋದಾಗ ಅದೇ ರೊಟ್ಟಿಯನ್ನು ಚೂರು ಮಾಡಿ ಸಾರಿನಲ್ಲಿ ನೆನೆಸುತ್ತಿದ್ದಳು. ಯಾಕವ್ವಾ ಅಂದೆ. "ವಯಸ್ಸಾತಲ್ಲೋ, ಹಲ್ಲು ಅಳ್ಳಾಡ್ತಾವ" ಅಂದಳು. ಅವಳಿಗಿನ್ನೂ 58.

ಹಬ್ಬ ಮುಗಿದ ಮರುದಿನವೇ ಬೆಳಗಾವಿಯ ಬಸ್ ಹತ್ತಿಸಿದೆ. ದಾರಿಯುದ್ದಕ್ಕೂ ಒಂದೇ ಮಾತು. "ಕ್ಲೀನ್ ಮಾಡಿಸಿದ್ರ ಹಲ್ಲು ಇನ್ನೂ ಸಡಲ ಆಗ್ತಾವಂತ. ಬ್ಯಾಡ ಬಿಡು."

ಡಾಕ್ಟರಮ್ಮ ಗೆರೆ ಹಾಕಿದ ಸಣ್ಣ ಕಡ್ಡಿಯಿಂದ ಒಂದೊಂದೇ ಹಲ್ಲಿನ ಬುಡ ಅಳೆದರು. ವಸಡಿಗೂ ಹಲ್ಲಿಗೂ ನಡುವಿನ ಸಂದು 3 ಮಿಲಿಮೀಟರ್ ತನಕ ಇದ್ದರೆ ಸರಿ. ಅವ್ವನ ದವಡೆ ಹಲ್ಲುಗಳಲ್ಲಿ 6 ಇತ್ತು. ಎಕ್ಸ್‌ರೇಯಲ್ಲಿ ಹಲ್ಲು ಹಿಡಿದಿಟ್ಟ ಮೂಳೆಯೇ ಕರಗಿತ್ತು.

"ಹಲ್ಲು ತಿಕ್ಕುವಾಗ ರಕ್ತ ಬರ್ತಿತ್ತೇನ್ರಿ?"

"ಒಂದು ಹನಿನೂ ಇಲ್ರಿ."

"ಮಶೇರಿ ತಿಕ್ತೀರೇನು?"

ಅವ್ವ ತಲೆ ತಗ್ಗಿಸಿದಳು. ಅವಳ ತವರು ನಿಪ್ಪಾಣಿ ಕಡೆ, ತಂಬಾಕು ಬೆಳೆಯುವ ಸೀಮೆ. ಮಶೇರಿ ಅಂದರೆ ಹುರಿದ ತಂಬಾಕಿನ ಪುಡಿ. ಅದನ್ನು ಸಣ್ಣವಳಿದ್ದಾಗಿಂದ ಹಲ್ಲಿಗೆ ತಿಕ್ಕುತ್ತಾ ಬಂದಿದ್ದಾಳೆ. ಹಲ್ಲು ಗಟ್ಟಿಯಾಗುತ್ತವೆ ಅಂತ ಅವಳಿಗೆ ಅವಳವ್ವ ಹೇಳಿದ್ದು. ತಂಬಾಕು ವಸಡಿನ ರಕ್ತನಾಳಗಳನ್ನು ಕುಗ್ಗಿಸುತ್ತದಂತೆ. ಒಳಗೆ ಕೊಳೆಯುತ್ತಿದ್ದರೂ ಹೊರಗೆ ರಕ್ತ ಕಾಣುವುದು ಕಡಿಮೆ. ರಕ್ತ ಇಲ್ಲ ಅಂತ ನಾವೆಲ್ಲ ನೆಮ್ಮದಿಯಾಗಿದ್ದೆವು, ಅಲ್ವಾ? ಮೇಲೆ ಶುಗರ್ ಬೇರೆ. ಶುಗರ್ ಏರಿದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಶುಗರ್ ಹತೋಟಿಗೆ ಬರುವುದು ಕಷ್ಟ. ಎಂಟು ವರ್ಷದಿಂದ ತಿಂಗಳು ತಿಂಗಳೂ ಗುಳಿಗೆ ತಂದುಕೊಟ್ಟಿದ್ದೇನೆ. ಒಮ್ಮೆಯೂ ಬಾಯಿ ತೋರಿಸವ್ವಾ ಅಂದಿರಲಿಲ್ಲ. ಅಲ್ಲೇ ಕಣ್ಣು ತುಂಬಿತು.

ಡಾಕ್ಟರಮ್ಮ ಅವಳ ಕೈಗೆ ಕನ್ನಡಿ ಕೊಟ್ಟರು. ಹಲ್ಲಿನ ಬುಡಕ್ಕೆ ಕಂದು ಬಣ್ಣದ ಕಲ್ಲು ಮೆತ್ತಿಕೊಂಡಿತ್ತು. "ಹಲ್ಲು ಸಡಲ ಮಾಡಿದ್ದು ಇದ್ರೀ ಅವ್ವಾರ. ತಗದ ಮ್ಯಾಲ ಸಂದು ಕಾಣ್ತಾವ, ನಾಕು ದಿನ ಜುಮ್ ಅಂತಾವ. ಅಂಜಬ್ಯಾಡ್ರಿ." ಮರಗಟ್ಟುವ ಇಂಜೆಕ್ಷನ್ ಕೊಟ್ಟು ಎರಡು ಸಲ ಕರೆಸಿ ಬೇರಿನ ತನಕ ತೆಗೆದರು.

ಅವತ್ತೇ ನನ್ನ ಬಾಯಿಯನ್ನೂ ತೋರಿಸಿದೆ. ಆರು ತಿಂಗಳಿಂದ ಎಡಗಡೆ ರಕ್ತ ಬರುತ್ತಿತ್ತು. ನೋವಾದೀತು ಅಂತ ಆ ಕಡೆ ಬ್ರಷ್ಷೇ ಹಾಕುತ್ತಿರಲಿಲ್ಲ. ಮಾಡಬಾರದ್ದು ಅದೇ. ಮೆತ್ತಗಿರುವ ಪಾಚಿಯನ್ನು ಬ್ರಷ್ ತೆಗೆಯುತ್ತದೆ. ಕೆಲವು ದಿನ ಬಿಟ್ಟರೆ ಕಲ್ಲಾಗುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಹೋಗಲ್ಲ. ನನಗೆ ಬರೀ ವಸಡು ಊದಿತ್ತು, ಮೂಳೆಗೆ ಏನೂ ಆಗಿರಲಿಲ್ಲ. ಒಮ್ಮೆ ಕ್ಲೀನ್ ಮಾಡಿಸಿದೆ. ಮೆತ್ತನೆ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ ಉಜ್ಜಿದೆ. ರಾತ್ರಿ ಮಲಗುವ ಮುಂಚೆ ಹಲ್ಲಿನ ಸಂದಿಗೆ ಸಣ್ಣ ಬ್ರಷ್. ಎರಡು ವಾರದಲ್ಲಿ ರಕ್ತ ನಿಂತಿತು. ಅವ್ವನ ಕರಗಿದ ಮೂಳೆ ಮಾತ್ರ ತಾನಾಗಿ ಮೊದಲಿನಂತೆ ತುಂಬಿಕೊಳ್ಳುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಅದಕ್ಕೇ ಮೂರು ತಿಂಗಳಿಗೊಮ್ಮೆ ಬೆಳಗಾವಿಗೆ ಬರುತ್ತಾಳೆ.

ಮಶೇರಿ ಡಬ್ಬಿ ಇನ್ನೂ ಗೋಡೆಯ ಮಾಡದಲ್ಲೇ ಇದೆ. ಐವತ್ತು ವರ್ಷದ ರೂಢಿ. ದಿನಾ ಸಂಜೆ ಫೋನ್ ಮಾಡಿ ಕೇಳುತ್ತೇನೆ.

"ಇವತ್ತ ಮುಟ್ಟಿಲ್ಲ ನೋಡು" ಅಂದಳು ನಿನ್ನೆ.

"ಮೊನ್ನೆ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮೊನ್ನೆ ತಿಕ್ಕಿದ್ನೆಪಾ."